ಹೊಗೆಗೆ ಹೋದ ಮೀಸೆ

ಗಂಗಾಧರನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಕೊರೊನಾ ಜ್ವರದಲ್ಲಿ ಹೋದದ್ದು ಜ್ವರ ಬಿಟ್ಟ ಮೇಲೂ ಹಿಂದಿರುಗಿರಲಿಲ್ಲ. ಬೇರೆ ಕಸುಬಾಗಿದ್ದರೆ ಇದೇನು ದೊಡ್ಡ ಕೊರತೆಯಲ್ಲ. ಆದರೆ ಅವನದ್ದು ಎನ್.ಆರ್.ಪುರದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಪ್ಲಾಸ್ಟಿಕ್ ವೆಲ್ಡಿಂಗ್ ಅಂಗಡಿ. ಬಿರುಕು ಬಿಟ್ಟ ಬಕೆಟ್, ಕಾಲು ಮುರಿದ ಕುರ್ಚಿ, ಸೋರುವ ನೀರಿನ ಟ್ಯಾಂಕ್ ಎಲ್ಲವನ್ನೂ ಬಿಸಿಗಾಳಿ ಉಗುಳುವ ಗನ್ನು ಹಿಡಿದು ಕರಗಿಸಿ ಅಂಟಿಸುತ್ತಿದ್ದ. ಹೊಗೆ ಎಷ್ಟು ಬಂತೆಂದು ಅವನ ಮೂಗು ಹೇಳುತ್ತಿರಲಿಲ್ಲ. ಬೀದಿಯವರು ಹೇಳುತ್ತಿದ್ದರು.

ಈ ಸಲ ಅವರು ಅದನ್ನು ಕಾಗದದಲ್ಲಿ ಬರೆದು ಹೇಳಿದ್ದರು. ಬೆಳಗೂ ಸಂಜೆಯೂ ತಲೆ ತಿರುಗುವಂಥ ಪ್ಲಾಸ್ಟಿಕ್ ಹೊಗೆ ಬರುತ್ತದೆ ಎಂಬ ದೂರಿಗೆ ಹನ್ನೊಂದು ಜನರ ರುಜು. ಆರೋಗ್ಯ ನಿರೀಕ್ಷಕಿ ವನಮಾಲಾ ಬೆಳಿಗ್ಗೆಯೇ ಫೋನ್ ಮಾಡಿ, ನಾಲ್ಕು ಗಂಟೆಗೆ ಬರುತ್ತೇನೆ, ಹೊಗೆ ಕಂಡರೆ ಲೈಸೆನ್ಸ್ ಮುಂದುವರಿಸುವುದಿಲ್ಲ ಎಂದಿದ್ದರು. ಲೈಸೆನ್ಸಿಗೆ ಉಳಿದದ್ದು ಎರಡೇ ದಿನ.

ಮೊದಲ ರುಜು ಹಿಂದಿನ ಮನೆಯ ಪ್ರೇಮಕ್ಕನದು. ಗಂಗಾಧರ ಹೆಚ್ಚು ನೊಂದದ್ದು ಅದಕ್ಕೇ. ದಿನಾ ಅಂಗಡಿ ಗುಡಿಸಿದ ಮೇಲೆ ಉಳಿದ ಪೈಪಿನ ಚೂರು, ಒಡೆದ ಕೊಡಗಳ ತುಂಡುಗಳನ್ನು ಚೀಲಕ್ಕೆ ತುಂಬಿ ಅವಳ ಕಾಂಪೌಂಡಿನ ಮೇಲೆ ಇಡುತ್ತಿದ್ದ. ಅವಳೇ ಕೇಳಿದ್ದಳು. ಯಾತಕ್ಕೆ ಎಂದು ಅವಳು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಗುಜರಿಗೆ ಹಾಕುತ್ತಾಳೆ ಎಂದುಕೊಂಡಿದ್ದ.

"ಪ್ರೇಮಕ್ಕ, ನೀವೂ ರುಜು ಹಾಕಿದ್ರಾ?" ಎಂದು ಕಾಂಪೌಂಡಿನ ಈಚೆಯಿಂದ ಕೇಳಿದ.

"ನಿನ್ನ ಮೇಲೆ ಎಂತ ಸಿಟ್ಟಿಲ್ಲ ಮಾರಾಯ. ಸಿಟ್ಟು ಹೊಗೆ ಮೇಲೆ. ಮೂರು ತಿಂಗಳಾಯ್ತು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕೊಂಡಿದೆ" ಎಂದಳು.

ಪಕ್ಕದ ಹಾರ್ಡ್‌ವೇರ್ ಅಂಗಡಿಯ ಅಬ್ದುಲ್ ರಹಮಾನ್ ಸಹಾಯಕ್ಕೆ ನಿಂತರು. ಅವರ ಮೂಗು ಒಳ್ಳೆಯದು. ಬೆಳಿಗ್ಗೆಯಿಂದ ಗಂಗಾಧರ ಒಂದೊಂದು ಬಕೆಟ್ ಅಂಟಿಸಿದಾಗಲೂ ಬಂದು ಮೂಸಿ, ಹೊಗೆ ಇದೆ, ಕಡಿಮೆಯಿದೆ, ಹೆಚ್ಚಿದೆ ಎಂದು ತೀರ್ಪು ಕೊಟ್ಟರು. ಒಂದು ಮೂಸುವಿಕೆಗೆ ಒಂದು ಟೀ. ಆರನೆಯ ಟೀ ಹೊತ್ತಿಗೆ ಅವರು ಕಾಯಿಲೆ ಕಂಡುಹಿಡಿದರು. ಗನ್ನಿನ ಬಿಸಿ ಜಾಸ್ತಿ, ಪ್ಲಾಸ್ಟಿಕ್ ಕರಗುವ ಬದಲು ಕರಕಲಾಗುತ್ತಿದೆ. ಗಾಳಿ ಆಡುವುದಿಲ್ಲ. ಕೆಲಸ ಮಾಡುವವನ ಮುಖಕ್ಕೆ ಒಂದು ಬಟ್ಟೆಯೂ ಇಲ್ಲ.

ಗಂಗಾಧರ ಬಿಸಿ ಇಳಿಸಿದ. ವರ್ಷಗಳಿಂದ ಮೊಳೆ ಹೊಡೆದಿದ್ದ ಹಿಂದಿನ ಕಿಟಕಿಯನ್ನು ಕಿತ್ತು ತೆರೆದ. ಒಳಗಿನ ಗಾಳಿ ಬೀದಿಗೆ ಹೋಗಲೆಂದು ಫ್ಯಾನನ್ನು ಬಾಗಿಲ ಕಡೆಗೆ ತಿರುಗಿಸಿಟ್ಟ. ಉಳಿದದ್ದು ಮಾಸ್ಕ್. ರಹಮಾನರು ತಮ್ಮ ಅಂಗಡಿಯಿಂದಲೇ ಎರಡು ಕಡೆ ಡಬ್ಬಿ ಇರುವ ರಬ್ಬರಿನದೊಂದನ್ನು ತಂದು ಅವನ ಮುಖಕ್ಕೆ ಬಿಗಿದರು. ಉಸಿರು ಬಿಟ್ಟರೆ ಎರಡೂ ಪಕ್ಕದಿಂದ ಪುಸ್ಸೆಂದಿತು.

ಕಾರಣ ಮೀಸೆ. ಅಳಿಲೊಂದು ತುಟಿಯ ಮೇಲೆ ಅಡ್ಡ ಮಲಗಿ ಎರಡು ಬಾಲ ಬಿಟ್ಟ ಹಾಗಿನ ಮೀಸೆ. ಮದುವೆಯ ವರ್ಷ ಬಿಟ್ಟದ್ದು. ಅಂಗಡಿಯ ಬೋರ್ಡಿನ ಮೇಲೂ ಅದೇ ಚಿತ್ರ. ಮುತ್ತಿನಕೊಪ್ಪದಿಂದ ಬರುವವರೂ ಬಸ್ ಇಳಿದು ಮೀಸೆ ಅಂಗಡಿ ಎಲ್ಲಿ ಎಂದೇ ಕೇಳುವುದು.

"ಇದು ಇರೋವರೆಗೆ ಆ ಮಾಸ್ಕ್ ಬರೀ ಅಲಂಕಾರ ಗಂಗಣ್ಣ" ಎಂದರು ರಹಮಾನ್. "ಮೀಸೆ ಮತ್ತೆ ಬರ್ತದೆ. ಶ್ವಾಸಕೋಶ ಬರ್ತದಾ?"

ಮೂರು ಗಂಟೆಗೆ ಸುಬ್ಬಪ್ಪನ ಸಲೂನಿನಲ್ಲಿ ಗಂಗಾಧರ ಕಣ್ಣು ಮುಚ್ಚಿ ಕೂತ. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಅವನ ಹೆಂಡತಿಯ ತಮ್ಮನಂಥ ಒಬ್ಬ ಕೂತಿದ್ದ. ಅಂಗಡಿಗೆ ಮರಳುವಷ್ಟರಲ್ಲಿ ಮುತ್ತಿನಕೊಪ್ಪದ ಗಿರಾಕಿಯೊಬ್ಬ ತೋಟಕ್ಕೆ ಔಷಧಿ ಹೊಡೆಯುವ ಪಂಪ್ ಹಿಡಿದು ಕಾಯುತ್ತಿದ್ದ.

"ಮೀಸೆಯವ್ರು ಎಲ್ಲಿ?"

"ನಾನೇ" ಎಂದ ಗಂಗಾಧರ.

ಗಿರಾಕಿ ಬೋರ್ಡು ನೋಡಿದ, ಇವನನ್ನು ನೋಡಿದ, ಅವರು ಬಂದ ಮೇಲೇ ಬರುತ್ತೇನೆ ಎಂದು ಪಂಪ್ ಎತ್ತಿಕೊಂಡು ಹೋದ.

ನಾಲ್ಕಕ್ಕೆ ಸರಿಯಾಗಿ ವನಮಾಲಾ ಬಂದರು. ಗಂಗಾಧರ ಮಾಸ್ಕ್ ಬಿಗಿದು, ಅವರೆದುರೇ ಒಂದು ಬಕೆಟ್ ಅಂಟಿಸಿ ತೋರಿಸಿದ. ಮಾಸ್ಕ್ ಪುಸ್ಸೆನ್ನಲಿಲ್ಲ. ಅವರು ಮೂಸಿದರು, ಕಿಟಕಿ ನೋಡಿದರು, ಹೊಗೆ ಅಂಥದ್ದೇನಿಲ್ಲ, ಎಲ್ಲರೂ ಹೀಗಿದ್ದರೆ ನಮಗೆ ಕೆಲಸವೇ ಇರುವುದಿಲ್ಲ ಎಂದು ಪೆನ್ನು ತೆಗೆದರು. ರುಜುವಿನ ಮೊದಲ ಅಕ್ಷರವೂ ಬಿತ್ತು.

ಅಷ್ಟರಲ್ಲಿ ಅವರ ಮುಖ ಹಾಗಲಕಾಯಿ ಕಚ್ಚಿದಂತಾಯಿತು. ಪೆನ್ನು ನಿಂತಿತು. ಸೆರಗು ಮೂಗಿಗೆ ಹೋಯಿತು. ಗಂಗಾಧರನಿಗೆ ಏನೂ ತಿಳಿಯಲಿಲ್ಲ. ಆದರೂ ಗನ್ನು ಆರಿಸಿದ. ವನಮಾಲಾ ಕೆಮ್ಮಿದರು. ಪ್ಲಗ್ಗನ್ನೇ ಕಿತ್ತ. ಅವರು ಇನ್ನೂ ಜೋರಾಗಿ ಕೆಮ್ಮಿದರು.

"ಇದು ಇಲ್ಲಿಂದಲ್ಲ" ಎಂದು ಅವರು ಹಿಂದಿನ ಕಿಟಕಿಗೆ ಕೈ ತೋರಿಸಿದರು. ಕಪ್ಪು ಹೊಗೆಯೊಂದು ಆ ಕಿಟಕಿಯಿಂದ ನೆಂಟನ ಹಾಗೆ ಒಳಗೆ ಬರುತ್ತಿತ್ತು. ಬಾಗಿಲ ಫ್ಯಾನು ಅದನ್ನು ಪ್ರೀತಿಯಿಂದ ಎಳೆದುಕೊಳ್ಳುತ್ತಿತ್ತು.

ಪಕ್ಕದಂಗಡಿಯಿಂದ ಬಂದ ರಹಮಾನರೂ ಸೇರಿ ಮೂವರೂ ಹಿಂದಕ್ಕೆ ಓಡಿದರು. ಪ್ರೇಮಕ್ಕ ಬಚ್ಚಲಿನ ಹಂಡೆ ಒಲೆಯ ಮುಂದೆ ಕೂತು ಊದುಕೊಳವೆ ಊದುತ್ತಿದ್ದಳು. ಒಲೆಯೊಳಗೆ ಪೈಪಿನ ಚೂರುಗಳು ಉರಿದು ತೊಟ್ಟಿಕ್ಕುತ್ತಿದ್ದವು. ಗಂಗಾಧರನ ಎದೆ ಹಗುರಾಯಿತು. ಅವನ ಗನ್ನು ನಿರಪರಾಧಿ.

"ಪ್ಲಾಸ್ಟಿಕ್ ಸುಡ್ತೀರಲ್ಲಮ್ಮ. ಈ ಹೊಗೆ ಕುಡಿದೇ ನಿಮಗೆ ಕೆಮ್ಮು ಬಂದಿರೋದು" ಎಂದರು ವನಮಾಲಾ.

"ಸುಡೋದೆಲ್ಲಿ ಮೇಡಂ? ಸೌದೆ ಹಸಿ, ಹೊತ್ತಿಸೋಕೆ ಬೆಳಿಗ್ಗೆ ಒಂದು ಮುಷ್ಟಿ, ಸಂಜೆ ಒಂದು ಮುಷ್ಟಿ ಹಾಕ್ತೀನಿ. ಇವತ್ತು ನೀವು ಬರ್ತೀರಿ, ಕೈಕಾಲು ತೊಳೀಲಿಕ್ಕೆ ಬಿಸಿನೀರು ಆಗಲಿ ಅಂತ ಬೇಗ ಹಚ್ಚಿದೆ."

"ಇಷ್ಟು ಪ್ಲಾಸ್ಟಿಕ್ ಎಲ್ಲಿಂದ ಬಂತು?"

ಪ್ರೇಮಕ್ಕ ಗಂಗಾಧರನ ಕಡೆ ಅಭಿಮಾನದಿಂದ ನೋಡಿದಳು. "ಇವನೇ ಕೊಡೋದು ಮೇಡಂ. ದಿನಾ ತಪ್ಪದೆ ಚೀಲ ತುಂಬಿ ಇಡ್ತಾನೆ. ಒಳ್ಳೆ ಹುಡುಗ. ಇವನ ಲೈಸೆನ್ಸ್ ಮಾತ್ರ ನಿಲ್ಲಿಸಬೇಡಿ."

ವನಮಾಲಾ ಅರ್ಧ ಬಿದ್ದ ರುಜುವಿನ ಮೇಲೆ ಒಂದು ಅಡ್ಡಗೆರೆ ಎಳೆದರು. ಚೂರುಗಳನ್ನು ಎಲ್ಲಿ ಹಾಕುತ್ತೀಯೆಂದು ತೋರಿಸುವವರೆಗೆ ಅಂಗಡಿ ತೆರೆಯಬಾರದು ಎಂದರು. ಪ್ರೇಮಕ್ಕನಿಗೆ ಬುದ್ಧಿ ಹೇಳಿ, ಅವಳ ಬಿಸಿನೀರಿನಲ್ಲೇ ಮುಖ ತೊಳೆದುಕೊಂಡು ಹೋದರು.

ಸಂಜೆ ಗಂಗಾಧರ ಅಂಗಡಿಗೆ ಬೀಗ ಹಾಕಿದ. ಆ ದಿನ ಹೋದದ್ದು ಇಷ್ಟು: ಆರು ಟೀ, ಒಬ್ಬ ಗಿರಾಕಿ, ಒಂದು ಲೈಸೆನ್ಸ್, ಹದಿನಾರು ವರ್ಷದ ಮೀಸೆ ಒಂದು.