ಪರದೆಯಾಚೆ ಉಳಿದ ಎಲ್ಡನ್

ಎಲ್ಡನ್‌ನ ಮೊಣಕೈ ಸಿನಿಮಾದಲ್ಲಿತ್ತು, ಎಲ್ಡನ್ ಇರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ಹರೆಯದಲ್ಲಿ ಅವನು ಕ್ಯಾನ್ಸಸ್‌ಗೆ ಗೋಧಿ ಕೊಯ್ಲಿಗೆ ಹೋಗಿದ್ದಾಗ ಅಲ್ಲಿ ಕುದುರೆ ಕಳ್ಳರ ಸಿನಿಮಾ ತೆಗೆಯುತ್ತಿದ್ದರು. ಗುಂಪಿನಲ್ಲಿ ನಿಲ್ಲಲು ಜನ ಬೇಕಿತ್ತು. ಎಲ್ಡನ್ ನಿಂತ, ಅದೂ ನಾಯಕಿಯ ಪಕ್ಕದಲ್ಲೇ. ಆಮೇಲೆ ನೆಬ್ರಾಸ್ಕಕ್ಕೆ ಬಂದು, ನಲವತ್ತು ದಾಟಿದ ಮೇಲೆ ಮದುವೆಯಾಗಿ, ಈಗ ನಿವೃತ್ತಿಯ ಹೊತ್ತು ಬಂದರೂ ಅವನ ಪಾಲಿಗೆ ಲೋಕದಲ್ಲಿ ಅದೊಂದೇ ಸಿನಿಮಾ. ಆದರೆ ಮನೆಯಲ್ಲಿದ್ದ ವಿಡಿಯೊ ಕ್ಯಾಸೆಟ್ ಹಾಕಿದರೆ ನಾಯಕಿಯ ಪಕ್ಕ ಕಾಣುತ್ತಿದ್ದುದು ಒಂದು ಮೊಣಕೈ ಮಾತ್ರ.

"ಏನಪ್ಪಾ ಮೊಣಕೈ, ಕಾಫಿ ಆಯ್ತಾ?" ಎನ್ನುತ್ತಿದ್ದ ಪಕ್ಕದ ಮನೆಯ ಮರ್ವಿನ್, ದಿನಾ.

ಆ ಶನಿವಾರ ಬೆಳಿಗ್ಗೆ ಎಲ್ಡನ್‌ಗೆ ರೇಗಿತು. "ಈಗ ಅದರ ಡಿವಿಡಿ ಬಂದಿದೆ. ಅದ್ರಲ್ಲಿ ನನ್ನ ಮುಖ ಕಂಡ್ರೆ ಏನ್ ಮಾಡ್ತೀಯ?"

"ಈ ಚಳಿಗಾಲ ಪೂರ್ತಿ ನಿನ್ನ ಮನೆ ಮುಂದಿನ ಹಿಮ ನಾನೇ ಎತ್ತಿ ಹಾಕ್ತೀನಿ. ಕಾಣ್ದೇ ಹೋದ್ರೆ ನಮ್ಮನೇದೂ ನೀನೇ ಎತ್ತು."

"ಆಗ್ಲಿ!"

ಅಂಗಡಿಗೆ ಎಲ್ಡನ್ ಜೊತೆ ಹೆಂಡತಿ ಆರ್ಲೀನ್ ಕೂಡ ಹೊರಟಳು. ಸಾಕ್ಷಿಗೆಂದು ಮರ್ವಿನ್ ಹಿಂದಿನ ಸೀಟಿನಲ್ಲಿ ಕೂತ.

ಅಂಗಡಿಯಾಕೆ ಒಂದೇ ಸಿನಿಮಾದ ಎರಡು ಡಬ್ಬಿ ಮುಂದಿಟ್ಟಳು. "ಇದು ಟಿವಿ ತುಂಬ ಬರೋದು. ಇದು ಅಗಲದ್ದು, ಥಿಯೇಟರಲ್ಲಿ ಇದ್ದ ಹಾಗೇ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರುತ್ತೆ."

"ಕಪ್ಪು ಪಟ್ಟಿನಾ?" ಆರ್ಲೀನ್ ಕೆರಳಿದಳು. "ಅರ್ಧ ಸಿನಿಮಾ ಮುಚ್ಚಿ ಪೂರ್ತಿ ದುಡ್ಡು ಕೇಳ್ತೀರಲ್ರೀ!"

"ಮುಚ್ಚೋದಲ್ಲಮ್ಮಾ. ಅದ್ರಲ್ಲೇ ಪೂರ್ತಿ ಕಾಣೋದು. ಟಿವಿ ತುಂಬಿಸೋಕೆ ಎಡ ಬಲ ಕತ್ತರಿಸಿರ್ತಾರೆ."

"ನಂಬಬೇಡ ಆರ್ಲೀನ್," ಎಂದ ಮರ್ವಿನ್. "ನನ್ನ ಭಾವಮೈದ ಅಂಥದ್ದೇ ತಂದಿದ್ದ. ಬಾಗಿಲ ಸಂದಿಯಿಂದ ಪಕ್ಕದ ಮನೆ ಜಗಳ ನೋಡಿದ ಹಾಗಿತ್ತು."

ಎಲ್ಡನ್ ಯಾರ ಮಾತನ್ನೂ ಕೇಳದೆ ಅಗಲದ್ದನ್ನೇ ಆರಿಸಿ ಕೌಂಟರಿನ ಮೇಲಿಟ್ಟ. ಪರ್ಸು ಕಾರಿನಲ್ಲಿತ್ತು. ತರಲು ಹೋದ. ತಪ್ಪಾದದ್ದೇ ಅಲ್ಲಿ.

ಮನೆಗೆ ಬಂದು ಹಾಕಿದರೆ ಟಿವಿ ತುಂಬ ಚಿತ್ರ, ಅಂಚಿನಲ್ಲಿ ಅದೇ ಮೊಣಕೈ. ಕ್ಯಾಸೆಟ್ಟಿನಲ್ಲಿ ಮಸುಕಾಗಿದ್ದದ್ದು ಈಗ ಅಂಗಿಯ ತೇಪೆಯ ದಾರ ಕೂಡ ಕಾಣುವಷ್ಟು ಸ್ಪಷ್ಟ.

"ಮೊಣಕೈ ಈ ಸಲ ಚೆನ್ನಾಗಿ ನಟಿಸಿದೆ," ಎಂದ ಮರ್ವಿನ್.

ಎಲ್ಡನ್ ಡಬ್ಬಿ ತಿರುಗಿಸಿ ನೋಡಿದ. "ಆರ್ಲೀನ್! ಯಾರು ಇದನ್ನ ಬದಲಾಯಿಸಿದ್ದು?"

"ನಾನೇ. ನಿನಗೆ ಬುದ್ಧಿ ಇಲ್ಲ ಅಂದ್ರೆ ನನಗೂ ಇರಬಾರ್ದಾ?"

ಎಲ್ಡನ್ ಮತ್ತೆ ಅಂಗಡಿಗೆ ಓಡಿದ. ಬಿಚ್ಚಿದ ಡಬ್ಬಿ ವಾಪಸು ತೆಗೆದುಕೊಳ್ಳುವುದಿಲ್ಲವೆಂದರು. ಹಲ್ಲು ಕಡಿದು ಅಗಲದ್ದನ್ನೂ ಕೊಂಡ. ಮನೆಗೆ ಬಂದರೆ ಕಾರು ನಿಲ್ಲಿಸಲು ಜಾಗವಿಲ್ಲ. ಮರ್ವಿನ್ ಬೀದಿಗೆಲ್ಲ ಆಮಂತ್ರಣ ಕೊಟ್ಟಿದ್ದ. ಎಲ್ಡನ್‌ನ ಕುರ್ಚಿಯಲ್ಲಿ ಯಾರೋ ಕೂತು ಎಲ್ಡನ್‌ನ ಬಿಯರನ್ನೇ ಕುಡಿಯುತ್ತಿದ್ದರು.

ಸಿನಿಮಾ ಶುರುವಾಯಿತು. "ಟಿವಿಗೇನು ಬ್ಯಾಂಡೇಜು ಕಟ್ಟಿದ್ದೀರಾ?" ಎಂದು ಒಬ್ಬರು ಕೇಳಿದರು. ಆ ದೃಶ್ಯ ಬಂದೊಡನೆ ಎಲ್ಡನ್ ರಿಮೋಟು ಒತ್ತಿ ನಿಲ್ಲಿಸಿದ.

ಮೊಣಕೈಗೆ ತೋಳು ಬಂದಿತ್ತು, ತೋಳಿಗೆ ಹೆಗಲು, ಹೆಗಲ ಮೇಲೆ ಮುಖ. ಬಾರುಕೋಲಿನಂಥ ಮೈ, ಭುಜದವರೆಗೆ ಗುಂಗುರು ಕೂದಲು, ನಾಯಕನೇ ನಾಚಬೇಕಾದ ನಗು.

"ನೋಡಿ!" ಎಲ್ಡನ್ ಟಿವಿಯ ಮುಂದೆ ನಿಂತು ಬೆರಳು ತೋರಿಸಿದ. "ಈಗೇನಂತೀರಿ?"

ಎಲ್ಲರೂ ಟಿವಿ ನೋಡಿದರು. ಆಮೇಲೆ ಎಲ್ಡನ್‌ನನ್ನು, ಬೋಳುತಲೆಯಿಂದ ಹೊಟ್ಟೆಯವರೆಗೆ, ನಿಧಾನವಾಗಿ ನೋಡಿದರು. ಮತ್ತೆ ಟಿವಿ ನೋಡಿದರು.

"ಹೋಗ್ಲಿ ಬಿಡು, ಎಲ್ಡನ್," ಎಂದ ಮರ್ವಿನ್, ಮೊದಲ ಸಲ ಕನಿಕರದಿಂದ. "ಬರೀ ಮೊಣಕೈ ಇದ್ದಾಗ ನಿಂದೇ ಇದ್ರೂ ಇರ್ಬಹುದು ಅಂತ ನನಗೂ ಒಳಗೊಳಗೆ ಅನುಮಾನ ಇತ್ತು. ಈಗ ಅದೂ ಹೋಯ್ತು. ಸಲಿಕೆ ನಮ್ಮ ಗ್ಯಾರೇಜಿನಲ್ಲಿದೆ."

"ನಾನೇ ಕಣೋ ಅದು! ಆರ್ಲೀನ್, ನೀನಾದ್ರೂ ಹೇಳೇ!"

ಆರ್ಲೀನ್ ಗಲ್ಲಕ್ಕೆ ಕೈಕೊಟ್ಟು ಮುಂದಕ್ಕೆ ಬಾಗಿ ಕೂತಿದ್ದಳು. ಮದುವೆಯಾದ ಮೇಲೆ ಅವಳ ಮುಖದಲ್ಲಿ ಅಂಥ ಕಳೆಯನ್ನು ಎಲ್ಡನ್ ಕಂಡಿರಲಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರಿ," ಎಂದಳು. "ಆ ಹುಡುಗನಿಗೆ ಅಡ್ಡ ನಿಂತಿದ್ದೀಯ."