ಸವಡಿಯಲ್ಲಿ ಕುಡುಕರನ್ನು ಎಣಿಸಿದ್ದು

ಗಜೇಂದ್ರಗಡದ ಗುಡ್ಡದ ಮೇಲೆ ನಿಂತು, ನರಗುಂದದ ಗುಡ್ಡದ ಮೇಲೆ ಕೂತ ಕಾಗೆ ಗಂಡೋ ಹೆಣ್ಣೋ ಹೇಳಬಲ್ಲೆ ಎನ್ನುತ್ತಿದ್ದ ಸವಡಿಯ ಅಂದಾನಪ್ಪ. ಅಷ್ಟೇ ಅಲ್ಲ, ಆ ಕಾಗೆ ಮುಂಜಾನೆ ಏನು ತಿಂದಿತ್ತು ಎಂಬುದೂ ತನಗೆ ಕಾಣುತ್ತದೆ ಎಂದು ಆಣೆ ಇಡುತ್ತಿದ್ದ. ಇಂಥ ಕಣ್ಣಿನವನಿಗೆ ಆ ದಿನ ಎರಡು ಮಾರು ದೂರದಲ್ಲಿ ನಿಂತ ಹೆಂಡತಿಯ ಮುಖ ಮಾತ್ರ ಕಾಣಲಿಲ್ಲ.

"ನೀರ ಎಲ್ಲಿ?" ಎಂದು ಕೇಳಿಬಿಟ್ಟ.

ರೇಣುಕವ್ವನ ಕೈಯಲ್ಲಿ ಕೊಡ ಇರಲಿಲ್ಲ, ಕೊಡದ ಕಂಠವಷ್ಟೇ ಇತ್ತು. ಅದನ್ನು ಅವನ ಮುಂದೆ ಇಟ್ಟು, "ನೀರ ಹಾದಿ ಕುಡದೈತಿ. ಹಾದ್ಯಾಗ ಹೋಗೋ ಮಂದಿ ಸೆರೆ ಕುಡದಾರ. ಹನಮಪ್ಪನ ಅಂಗಡಿ ಮುಂದ ಒಬ್ಬಾಂವ ತೂರಾಡಿಕೋತ ಬಂದು ಹಾಯ್ದ. ಈ ತಿಂಗಳದಾಗ ಇದು ಮೂರನೇ ಕೊಡ" ಎಂದಳು.

ಕಂಪನಿ ಸರಕಾರದಿಂದ ಗುತ್ತಿಗೆ ಹಿಡಿದ ಹನಮಪ್ಪ, ಊರಲ್ಲಿ ಬೇರೆಲ್ಲೂ ಜಾಗವೇ ಇಲ್ಲವೆಂಬಂತೆ ಬಾವಿಯ ಹಾದಿಯಲ್ಲೇ ಸೆರೆ ಅಂಗಡಿ ಇಟ್ಟಿದ್ದ. ಅಂದಿನಿಂದ ಊರ ಹೆಂಗಸರು ನೀರು ತರುವುದೆಂದರೆ ದಂಡಿನ ನಡುವೆ ನುಗ್ಗಿ ಬಂದಂತೆ ಆಗಿತ್ತು.

"ಇವತ್ತ ಸಂಜಿ ಒಳಗ ಆ ಅಂಗಡಿ ಊರ ಹೊರಗ ಹೋಗೂಹಂಗ ಮಾಡ್ರಿ. ಇಲ್ಲಂದ್ರ ನಾ ತವರಮನಿಗೆ ಹೊಳೆಮಣ್ಣೂರಿಗೆ ಹೊಕ್ಕೀನಿ. ಅಲ್ಲಿ ಹೊಳಿ ಹೆಚ್ಚಾಗಿ ನೀರ ತಾನ ಮನಿಗೇ ಬರ್ತೈತಿ."

"ಇಷ್ಟಕ್ಕ ತವರಮನಿ ಯಾಕ? ಅಬಕಾರಿ ರಾಯರು ಚಾವಡಿಗೆ ಬಂದು ಇಳದಾರ. ನಾ ಎರಡ ಮಾತ ಆಡಿದ್ನೆಂದ್ರ, ಅಂಗಡಿ ತಾನ ಎದ್ದು ನಡಕೋತ ಹೋಗ್ತೈತಿ, ನೋಡೀಯಂತ!"

ರಾಯರು ಚಾವಡಿಯಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿ ಕುಳಿತಿದ್ದರು. ಅಂದಾನಪ್ಪ ಎರಡಲ್ಲ, ಇನ್ನೂರು ಮಾತಾಡಿದ. ಸವಡಿಯಲ್ಲಿ ಎತ್ತುಗಳು ಕೂಡ ತೂರಾಡುತ್ತಿವೆ, ಕೋಳಿಗಳು ಹೊತ್ತು ಮುಳುಗಿದ ಮೇಲೆ ಕೂಗುತ್ತಿವೆ ಎಂದ.

"ಎಷ್ಟ ಮಂದಿ ಕುಡೀತಾರ?" ಎಂದರು ರಾಯರು.

"ಭಾಳ ಮಂದಿ ರೀ!"

"ಭಾಳ ಅನ್ನೂದು ಕಾಗದದಾಗ ಬರಿಯಾಕ ಬರೂದಿಲ್ಲೋ. ಸಂಜಿತನಕ ಕುಂತು ಎಣಿಸಿಕೊಂಡು ಬಾ. ಎಣಿಕಿ ನೋಡಿ, ಅಂಗಡಿ ಬಗ್ಗೆ ಏನ ಬರೀಬೇಕೋ ಮ್ಯಾಲಕ್ಕ ಬರೀತೀನಿ."

ಅಂದಾನಪ್ಪನಿಗೆ ಓದು ಬರಹ ಬಾರದು. ಆದರೇನಾಯಿತು? ಅವನ ಮನೆಯ ಕಟ್ಟೆಯಿಂದ ಅಂಗಡಿಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಮುಂದೆ ಒಂದು ಗಡಿಗೆ, ಮಗ್ಗುಲಲ್ಲಿ ಒಂದು ಬುಟ್ಟಿ ಜೋಳ ಇಟ್ಟುಕೊಂಡು ಕುಳಿತ. ಒಬ್ಬ ಒಳಗೆ ಹೋದರೆ ಗಡಿಗೆಗೆ ಒಂದು ಕಾಳು. ಅದೇ ಮನುಷ್ಯ ಮತ್ತೆ ಹೋದರೆ ಕಾಳಿಲ್ಲ. ಇಷ್ಟು ನೀತಿಯ ಎಣಿಕೆ ಆ ಸೀಮೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ, ನಡೆದದ್ದೂ ಮಧ್ಯಾಹ್ನದವರೆಗೆ ಮಾತ್ರ.

ಮಧ್ಯಾಹ್ನಕ್ಕೆ ಗಡಿಗೆಯೊಳಗೆ ಇಣುಕಿದ. ಎಂಟು ಕಾಳು. ಎಂಟೇ ಎಂಟು! ಇಷ್ಟು ಕಾಳಿಗೆ ಒಂದು ಇಲಿಯೂ ಊರು ಬಿಡುವುದಿಲ್ಲ, ಅಂಗಡಿ ಬಿಟ್ಟೀತೇ? ಬಿಸಿಲಿಗೆ ಅವನ ತಲೆ ಹಂಚಿನಂತೆ ಕಾದಿತ್ತು, ಎಂಟು ಕಾಳು ಕಂಡು ಹುರುಪೆಲ್ಲ ತಣ್ಣಗಾಯಿತು.

ಅಷ್ಟರಲ್ಲಿ ಹನಮಪ್ಪ ಅಂಗಡಿಯ ಬಾಗಿಲಿಗೆ ಬಂದು ಕೂಗಿದ: "ಅಂದಾನಪ್ಪಣ್ಣಾ, ಅಲ್ಲಿ ಕುಂತು ಏನ ಎಣಿಸ್ತಿ? ನನ್ನ ಅಂಗಡಿಗೆ ಹಿಂದಕೂ ಒಂದ ಬಾಗಲ ಐತಿ. ಒಳಗ ಬಾ, ನೆರಳಾಗ ಕುಂತು ಎಣಸೀಯಂತ. ನಂದೇನ ಮುಚ್ಚುಮರಿ ಇಲ್ಲಪಾ."

ಹಿಂದಿನ ಬಾಗಿಲು! ತಪಾಸಣೆ ಎಂದ ಮೇಲೆ ಪೂರ್ತಿ ಆಗಬೇಕಲ್ಲ! ಅಂದಾನಪ್ಪ ಒಳಗೆ ಹೋದ. ಹಿಂದಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು, ಅದರ ಮೇಲೆ ಜೇಡ ಬಲೆ ಕಟ್ಟಿತ್ತು. ಇಷ್ಟು ನೋಡುವುದಕ್ಕೆ ಅವನಿಗೆ ಒಂದು ಹೊಲ ಹರಗುವಷ್ಟು ಹೊತ್ತು ಹಿಡಿಯಿತು.

ಹೊರಗೆ ಬಂದು ನೋಡಿದರೆ ಊರ ಕೋಳಿಗಳೆಲ್ಲ ಕಟ್ಟೆಯ ಮೇಲೆ ಸಭೆ ಸೇರಿದ್ದವು. ಗಡಿಗೆ ಮಗ್ಗುಲಾಗಿತ್ತು. ಅರ್ಧ ದಿನದ ತಪಾಸಣೆ ಕೋಳಿಗಳ ಹೊಟ್ಟೆ ಸೇರಿತ್ತು. ಅಂದಾನಪ್ಪ ಬುಟ್ಟಿಯಲ್ಲಿ ಉಳಿದಿದ್ದ ಜೋಳದಿಂದ ಒಂದು ಹಿಡಿ ತೆಗೆದು ಗಡಿಗೆಗೆ ಸುರಿದ. 'ಕೋಳಿ ತಿಂದದ್ದು ಇಷ್ಟೇ ಇದ್ದೀತು' ಎಂದುಕೊಂಡ. ಅವನ ಹಿಡಿಯೂ ಸಣ್ಣದಲ್ಲ.

ಸುದ್ದಿ ಕೇಳಿ ಪಕ್ಕದ ಮನೆಯ ತಿಪ್ಪವ್ವ ಸೊಂಟಕ್ಕೆ ಕೈಕೊಟ್ಟು ಬಂದಳು. "ಏನಣ್ಣಾ, ನಮ್ಮ ಮನಿಯವರಿಗೆ ಎಷ್ಟ ಕಾಳ ಹಾಕೀದಿ?"

"ಒಂದು. ಒಬ್ಬರಿಗೆ ಒಂದು."

"ಒಂದಽ? ಅವರ ಕುಡತಕ್ಕ ಒಂದ ಕಾಳ ಹಾಕಿದ್ರ ಅವರ ಮರ್ಯಾದಿ ಏನುಳೀತು? ನಾಕ ಮಂದಿ ಕುಡಿಯೋದನ್ನ ಒಬ್ಬರ ಕುಡೀತಾರ. ಬೈಯೋದಂತೂ ಹತ್ತ ಮಂದಿದು!" ಎಂದವಳೇ ಬುಟ್ಟಿಯ ಕಾಳನ್ನು ತಾನೇ ಎಣಿಸದೆ ಗಡಿಗೆಗೆ ಹಾಕಿದಳು.

ಹಿಂದೆಯೇ ಬಳೆ ಮಾರುವ ಮುಮತಾಜಬಿ ಬುಟ್ಟಿ ಇಳಿಸಿದಳು. "ಅಣ್ಣಾ, ಹೋದ ಸಂತಿ ದಿನ ಒಬ್ಬಾಂವ ಕುಡದು ನನ್ನ ಬಳಿ ಬುಟ್ಟಿ ಮ್ಯಾಲ ಕುಂತ. ಆರು ಡಜನ ಚೂರಾದ್ವು."

"ಮುಮತಾಜಬಿ, ನಾ ಎಣಸೂದು ಮಂದೀನ, ಬಳೀನಲ್ಲ."

"ಬಳಿ ಒಡದಾಂವ ಮನಷ್ಯಾನ ಅಲ್ಲೇನು?" ಎಂದು ಒಡೆದ ಬಳೆಗೊಂದರಂತೆ ಎಪ್ಪತ್ತೆರಡು ಕಾಳು ಎಣಿಸಿ ಹಾಕಿದಳು. ಆಕೆಯದೊಂದೇ ಚೊಕ್ಕ ಎಣಿಕೆ.

ಆಮೇಲೆ ಓಣಿಯ ಹೆಂಗಸರ ಸಾಲೇ ಬಂತು. ಗಂಡ ಹೊಡೆದದ್ದಕ್ಕೆ ಇಷ್ಟು, ಭಾವ ಹೊಲದ ಕೆಲಸ ಬಿಟ್ಟದ್ದಕ್ಕೆ ಇಷ್ಟು, ಮಾವ ರಾತ್ರಿಯೆಲ್ಲ ಹಾಡಿದ್ದಕ್ಕೆ ಎರಡು ಹಿಡಿ. ಅಂದಾನಪ್ಪ ಒಬ್ಬರಿಗೂ ಬೇಡ ಎನ್ನಲಿಲ್ಲ. ಗಡಿಗೆ ತುಂಬಿದಷ್ಟೂ ಅವನ ಎದೆ ಉಬ್ಬುತ್ತಿತ್ತು. ಸಂಜೆ ಅದನ್ನು ತಲೆಯ ಮೇಲೆ ಹೊತ್ತು ಚಾವಡಿಗೆ ನಡೆದಾಗ, ಹಿಂದೆ ರೇಣುಕವ್ವ, ಆಕೆಯ ಹಿಂದೆ ಇಡೀ ಓಣಿ.

ರಾಯರು ಕಂಬಳಿ ಹಾಸಿಸಿ ಕಾಳು ಸುರಿಸಿ ಎಣಿಸಿದರು. ಒಂಬೈನೂರಾ ನಲವತ್ತು.

"ಸವಡ್ಯಾಗ ಇಷ್ಟ ಗಂಡಸರ ಅದಾರೇನೋ?"

"ಸುತ್ತಲಿಂದೂ ಬರ್ತಾರ್ರಿ," ಎಂದ ಅಂದಾನಪ್ಪ ದನಿ ಏರಿಸಿ. "ಶಿರೋಳದಿಂದ ಬರ್ತಾರ, ನರಗುಂದದ ಸಂಸ್ಥಾನದಿಂದ ಗಡಿ ದಾಟಿ ಬರ್ತಾರ, ಹೊಳೆಮಣ್ಣೂರಿಂದಂತೂ ಹಿಂಡ ಹಿಂಡ ಬರ್ತಾರ!"

"ಏನಂದ್ರಿ?" ಎಂದಳು ಹಿಂದಿನಿಂದ ರೇಣುಕವ್ವ. "ನನ್ನ ತವರಿಗೂ ಹೆಸರ ಇಟ್ರಿ?"

ರಾಯರ ಮುಖ ಮಾತ್ರ ಹುಣ್ಣಿಮೆಯಂತೆ ಬೆಳಗಿತು. ಲೆಕ್ಕಣಿಕೆ ಮಸಿಯಲ್ಲಿ ಅದ್ದಿದರು. "ಅಂದಾನಪ್ಪಾ, ಭಾಳ ಚಲೋ ಕೆಲಸ ಮಾಡಿದಿ. ದಿನಕ್ಕ ಒಂಬೈನೂರ ಗಿರಾಕಿ! ಇಷ್ಟ ಮಂದಿಗೆ ಒಂದ ಅಂಗಡಿ ಹ್ಯಾಂಗ ಸಾಕಾಗ್ತೈತಿ? ತೂರಾಡದ ಏನ ಮಾಡ್ತಾರ ಪಾಪ, ಗದ್ದಲ! ಇನ್ನೊಂದ ಅಂಗಡಿಗೆ ಬರೀತೀನಿ. ಜಾಗಾ ಅಂದ್ರ… ಎಲ್ಲಾರಿಗೂ ಕಾಣೂಹಂಗ ಇರೋದು ನಿನ್ನ ಮನಿ ಕಟ್ಟಿ ಅಲ್ಲೇನು?"

ತಿಪ್ಪವ್ವ ಕಚ್ಚೆ ಬಿಗಿದಳು. ರೇಣುಕವ್ವ ತಿರುಗಿ ಮನೆಯತ್ತ ಹೆಜ್ಜೆ ಇಟ್ಟಳು, ಬಟ್ಟೆ ಗಂಟು ಕಟ್ಟುವವಳ ಹೆಜ್ಜೆ ಅದು.

"ತಡೀರಿ ರಾಯರ, ಬರೀಬ್ಯಾಡ್ರಿ!" ಅಂದಾನಪ್ಪ ಕಂಬಳಿಯ ಮೇಲೆಯೇ ಬಿದ್ದ. "ಒಂಬೈನೂರ ಅಲ್ರಿ. ಒಂಬೈನೂರ ಅನ್ನೂದು ಜರಾ ಹೆಚ್ಚಾತು. ಮುನ್ನೂರ ಅನ್ರಿ."

ಲೆಕ್ಕಣಿಕೆ ನಿಲ್ಲಲಿಲ್ಲ.

"ನೂರು! ಐವತ್ತು! ಖರೇ ಹೇಳ್ತೀನ್ರಿ, ನನ್ನ ತಾಯಿ ಆಣಿ, ಒಂಬತ್ತ ಮಂದಿ! ಉಳದಿದ್ದೆಲ್ಲಾ ಬಳಿ, ಬೈಗಳ, ಮತ್ತ ನನ್ನ ಬಾಯಿ!"

ರಾಯರು ಬೇಸರದಿಂದ ಕಾಗದ ಹರಿದರು. "ಒಂಬತ್ತ ಮಂದಿ ಸಲುವಾಗಿ ಅಂಗಡಿ ಕೀಳಾಕೂ ಬರೂದಿಲ್ಲ, ಹೊಸಾದ ಇಡಾಕೂ ಬರೂದಿಲ್ಲ. ಇದ್ದದ್ದು ಇದ್ದಲ್ಲೇ ಇರಲಿ. ಎದ್ದ ಹೋಗ್ರಿ."

ಯಾರೂ ಏಳಲಿಲ್ಲ. ರೇಣುಕವ್ವ ಬಾಗಿಲಲ್ಲೇ ನಿಂತು ಬೆರಳು ಮಡಚತೊಡಗಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯವರನ್ನು ಒಪ್ಪಿಕೊಂಡರು: ನಮ್ಮವರೊಬ್ಬರು, ನಮ್ಮ ಭಾವ, ನಮ್ಮ ಮಾವ… ಎಂಟು ಬೆರಳು ಮಡಚಿದವು. ಒಂಬತ್ತನೆಯದು ನೆಟ್ಟಗೆ ನಿಂತೇ ಇತ್ತು, ಅಂದಾನಪ್ಪನ ಕಡೆಗೇ ತೋರಿಸುತ್ತಿತ್ತು.

"ಒಂಬತ್ತನೇದಾಂವ ಯಾರ್ರಿ?"

ಅಂದಾನಪ್ಪ ಛಾವಣಿ ನೋಡಿದ, ನೆಲ ನೋಡಿದ, ರಾಯರ ಕನ್ನಡಕ ನೋಡಿದ.

"ಹಿಂದಿನ ಬಾಗಲ ನೋಡಾಕಂತ ಒಳಗ ಹೋದೆ," ಎಂದ ಮೆಲ್ಲಗೆ. "ಬಾಗಲ ಮುಚ್ಚಿತ್ತು. ಹನಮಪ್ಪ ಕುಂಡ್ರಂದ. ಕುಂತೆ. ಮುಂದಿಂದು… ಎಣಿಕ್ಯಾಗ ಮೋಸ ಮಾಡಬಾರದಂತ, ಹೊರಗ ಬಂದು ನನ್ನ ಹೆಸರೀಲೆ ಒಂದ ಕಾಳ ಹಾಕೀನಿ."