ಕಮಲಾಪುರದ ಚುಕ್ಕಿ

ಕೈದಿಗಳ ನಡುವೆ ಕೆಲಸ ಮಾಡುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ, ನಕ್ಕ ಮೇಲೆ ಊಟ ಸೇರುವುದಿಲ್ಲ ಅಷ್ಟೆ. ಷರತ್ತಿನ ಮೇಲೆ ಜೈಲಿನಿಂದ ಬಿಟ್ಟವರನ್ನು ಕಲಬುರಗಿಯ ಕಚೇರಿಯಲ್ಲಿ ಕೂತು ಕಂಪ್ಯೂಟರಿನ ನಕ್ಷೆಯಲ್ಲಿ ಕಾಯುವುದು ನನ್ನ ಕೆಲಸ. ಅವರ ಕಾಲಿಗೆ ಇರುವ ಜಾಗ ತಿಳಿಸುವ ಒಂದು ಪಟ್ಟಿ, ನಕ್ಷೆಯಲ್ಲೊಂದು ಚುಕ್ಕಿ, ಮನೆಯ ಸುತ್ತ ಒಂದು ಗೆರೆ. ಚುಕ್ಕಿ ಮೂರು ಸಲ ಗೆರೆ ದಾಟಿದರೆ ಮತ್ತೆ ಜೈಲು. ಕಮಲಾಪುರದ ಒಬ್ಬ ಬಾಳೆಹಣ್ಣಿನ ವ್ಯಾಪಾರಿಯ ಚುಕ್ಕಿ ನನ್ನ ಪಾಲಿಗೆ ಬಂದಿತ್ತು.

೧. ಸುಣ್ಣ

"ಕಣ್ಣಿಗಿ ಕಾಣದ ಗೆರಿ ಹ್ಯಾಂಗ ಕಾಯ್ಲಿ ಸಾಹೇಬ್ರ?" ಅಂದ ವ್ಯಾಪಾರಿ, ಪಟ್ಟಿ ಕಟ್ಟಲು ಅವನ ಮನೆಗೆ ಹೋದಾಗ. ನಿಜವೇ. ನಾನು ಮೊಬೈಲಿನ ನಕ್ಷೆ ನೋಡುತ್ತ ಮುಂದೆ ನಡೆದೆ, ಅವನು ಹಿಂದೆ ನೆಲದ ಮೇಲೆ ಸುಣ್ಣದ ಗೆರೆ ಹಾಕುತ್ತ ಬಂದ. ಸುಣ್ಣ ತನ್ನ ಹೊಲದೊಳಗೆ ಹಾದದ್ದು ಕಂಡು ಮರುದಿನವೇ ಅವನ ನೆರೆಯವನು ಪಹಣಿ ಹಿಡಿದು ಕಚೇರಿಗೆ ಬಂದ.

"ಜೇಲಿಗಿ ಹೋಗಿ ಬಂದವಗ ನನ್ನ ಹೊಲ ಅಳದು ಕೊಟ್ಟೀರಿ. ನನ್ನೂ ಒಂದ್ಸಲ ಕಳಸ್ರೀ, ಬಂದು ಊರೆಲ್ಲ ಅಳಕೋತೀನಿ!"

೨. ಕೆರೆ

ಒಂದು ಮಧ್ಯಾಹ್ನ ಚುಕ್ಕಿ ಗೆರೆ ಹಾರಿ ಕೆರೆಯ ನಡುವೆ ಕೂತಿತು. ಗಾಬರಿಯಾಗಿ ಫೋನ್ ಮಾಡಿದೆ.

"ಎಲ್ಲಿದೀಯೋ?"

"ಮನ್ಯಾಗೇ ಅದೀನ್ರೀ, ಅವ್ವಗ ಗಂಜಿ ಕುಡಸಾಕತ್ತೀನಿ."

ತಾಯಿ ಹಾಸಿಗೆ ಹಿಡಿದಿದ್ದಳು. ಅವಳನ್ನು ನೋಡಿಕೊಳ್ಳಲೆಂದೇ ಅವನನ್ನು ಬಿಟ್ಟಿದ್ದರು. ನಕ್ಷೆ ತಪ್ಪು ತೋರಿಸುತ್ತಿದೆ ಎಂದು ಮೇಲಿನವರಿಗೆ ಬರೆದೆ. ನಕ್ಷೆ ತಪ್ಪುವುದಿಲ್ಲ ಎಂದು ಉತ್ತರ ಬಂತು, ಅವನ ಹೆಸರಿಗೆ ಒಂದು ತಪ್ಪು ಬಿತ್ತು. ಮುಂದಿನ ವಾರ ಮತ್ತೆ ಕೆರೆ, ಮತ್ತೊಂದು ತಪ್ಪು. ಸುದ್ದಿ ತಿಳಿಸಿದಾಗ ಅವನು ಕೇಳಿದ:

"ನನಗ ಈಜು ಬರಂಗಿಲ್ರೀ. ಮೂರನೇ ಸಲಕ್ಕ ಮುಳುಗಿದ್ರ ಜೇಲಿಗಿ ನನ್ನ ಹೆಣ ಒಯ್ತೀರೇನು?"

೩. ಪರವಾನಗಿ

ಆ ತಾಯಿ ತೀರಿಕೊಂಡಳು. ಸ್ಮಶಾನವಿದ್ದದ್ದು ಗೆರೆಯ ಆಚೆ. ಪರವಾನಗಿ ಕೇಳಿದರೆ, "ಎರಡು ದಿನ ಮುಂಚೆ ಅರ್ಜಿ ಹಾಕಬೇಕಿತ್ತು" ಅಂದರು ಮೇಲಿನವರು. ಎರಡು ದಿನ ಮುಂಚೆ ಮುದುಕಿ ಗಂಜಿ ಕುಡಿಯುತ್ತಿದ್ದಳು.

ತಡೆಯಲಾರದೆ ನಾನೇ ಕಮಲಾಪುರಕ್ಕೆ ಹೋದೆ. ಮಗ ಮುಂದೆ ಹೆಗಲು ಕೊಟ್ಟಿದ್ದ. ಗೆರೆಯ ಹತ್ತಿರ ಬಂದೊಡನೆ ಚಟ್ಟ ಹೊತ್ತವರೆಲ್ಲ ಗಕ್ಕನೆ ನಿಂತರು. ಊರ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು.

"ಸಾಹೇಬ್ರ, ಮುದುಕಿಗೂ ಪರ್ಮಿಷನ್ ಬೇಕೇನ್ರೀ?"

"ಬೇಡ, ಅವರು ಹೋಗಬಹುದು" ಅಂದೆ. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಗ ತನ್ನ ಬಿದಿರನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಿ ಗೆರೆಯ ಈಚೆಯೇ ನಿಂತ. ಚಟ್ಟ ಮುಂದೆ ಹೋಯಿತು. ಅಳುತ್ತಲೇ ನಕ್ಕು ನನಗಂದ:

"ಹೋಗ್ಲಿ ಬಿಡ್ರೀ ಸಾಹೇಬ್ರ. ನಮ್ಮ ಮನ್ಯಾಗ ಒಬ್ಬರಿಗಾದ್ರೂ ಬಿಡುಗಡೆ ಆಯ್ತು."